ಮುಸುಕಿನೊಳಗಿನ ಸೀನು

ನಮ್ಮ ಮನೆಯ ಟೀವಿಗೆ ಒಂದು ಮುಸುಕು ಇತ್ತು. ನಿಮ್ಮ ಮನೆಯದಕ್ಕೂ ಇದ್ದಿರಬೇಕು. ಮುಂದೆ ಗಾಜು, ಹಿಂದೆ ಗೂನುಬೆನ್ನು ಹೊತ್ತು ಕೂತ ಆ ದೊಡ್ಡ ಪೆಟ್ಟಿಗೆಗೆ ಹೊಸ ಸೊಸೆಯ ಹಾಗೆ ತಲೆಯ ಮೇಲೊಂದು ಸೆರಗಿಲ್ಲದಿದ್ದರೆ ನಮಗ್ಯಾರಿಗೂ ಸಮಾಧಾನವಿರುತ್ತಿರಲಿಲ್ಲ. ನಮ್ಮದು ನಾನು ಹೈಸ್ಕೂಲಿನಲ್ಲಿದ್ದಾಗ ಹೊಲಿಗೆ ತರಗತಿಯಲ್ಲಿ ಕಸೂತಿ ಹಾಕಿದ ಬಿಳಿಯ ಬಟ್ಟೆ. ಎದುರುಬದುರು ಕೂತ ಎರಡು ಗಿಳಿ, ನಡುವೆ ಕೆಂಪು ದಾರದಲ್ಲಿ ‘ಸುಸ್ವಾಗತ’. ಹಾವೇರಿಯ ತವರುಮನೆಯಲ್ಲಿ ಬಾಗಿಲಿಗೆಂದು ಹೊಲಿದದ್ದು, ಮದುವೆಯಾಗಿ ನನ್ನ ಜೊತೆಗೆ ಬ್ಯಾಡಗಿಗೆ ಬಂದಮೇಲೆ ಅಳತೆ ಕೂಡಿತೆಂಬ ಒಂದೇ ಕಾರಣಕ್ಕೆ ಟೀವಿಯ ಪಾಲಾಯಿತು. ಎಡಗಡೆಯ ಗಿಳಿ ಕೊಂಚ ಕಾಗೆಯ ಹಾಗೆ ಕಾಣುತ್ತದೆ ಎನ್ನುವುದನ್ನು ಬಿಟ್ಟರೆ ಕೆಲಸ ಚೆನ್ನಾಗಿಯೇ ಇತ್ತು.

ಈ ಮುಸುಕಿಗೆ ಧೂಳು ತಡೆಯುವುದಕ್ಕಿಂತ ದೊಡ್ಡ ಅಧಿಕಾರ ಕೊಟ್ಟವರು ನಮ್ಮ ಅತ್ತೆ. ಪ್ಲಾಸ್ಟಿಕ್ ಚೀಲದೊಳಗೆ ಕೂತ ರಿಮೋಟಿನ ಗುಂಡಿಗಳ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ. ಸೊಸೆ ಅತ್ತೆಯ ಹಾಲಿಗೆ ವಿಷ ಬೆರೆಸುವ ಧಾರಾವಾಹಿಯಾಗಲಿ, ಮಳೆಯಲ್ಲಿ ನೆನೆಯುತ್ತ ಕುಣಿಯುವ ಹಾಡಾಗಲಿ, ತಮಗೆ ಒಗ್ಗದ್ದು ಬಂತೆಂದರೆ ಅವರು ಸುಮ್ಮನೆ ಎದ್ದುಹೋಗಿ, ಹಿಂದಕ್ಕೆ ಮಡಚಿಟ್ಟ ಮುಸುಕನ್ನು ಗಾಜಿನ ಮೇಲೆ ಎಳೆದು ಬಂದು ಕೂರುತ್ತಿದ್ದರು. ಒಳಗೆ ಮಾತು, ಹಾಡು, ಅಳು ಎಲ್ಲ ನಡೆದೇ ಇರುತ್ತಿದ್ದವು. ಅತ್ತೆಯ ಪಾಲಿಗೆ ಮಾತ್ರ ಅದರ ಕಥೆ ಮುಗಿದಿರುತ್ತಿತ್ತು. ಆಚೆಗೆ ಅಟ್ಟಿದ ಕಾರ್ಯಕ್ರಮದ ಮುಖದ ಮೇಲೆ ‘ಸುಸ್ವಾಗತ’ ಎಂದು ಓದಿಕೊಳ್ಳುತ್ತ ಉಳಿದವರು ನಾವು ಕೂತಿರುತ್ತಿದ್ದೆವು.

ಹೀಗಿರುವಾಗ ಒಂದು ಚಾನೆಲ್ಲಿನಲ್ಲಿ ಹೊಸ ಬಗೆಯ ನಗೆಯ ಕಾರ್ಯಕ್ರಮವೊಂದು ಶುರುವಾಯಿತು. ನಾಟಕವಲ್ಲ, ವೇಷವಿಲ್ಲ, ಜೊತೆಗಾರರಿಲ್ಲ. ಒಬ್ಬನೇ ಮನುಷ್ಯ ಮೈಕಿನ ಮುಂದೆ ನಿಂತು ತನ್ನ ಮನೆಯದೋ ಪಕ್ಕದ ಮನೆಯದೋ ಮಾತು ತೆಗೆದು ನಗಿಸಬೇಕು, ಎದುರಿಗೆ ಸೋಫಾದ ಮೇಲೆ ಕೂತ ತೀರ್ಪುಗಾರರು ಹೊಟ್ಟೆ ಹಿಡಿದು ನಕ್ಕು ಅಂಕ ಕೊಡಬೇಕು. ನಾನು ಹಾವೇರಿಯ ಶಾಲೆಯೊಂದರಲ್ಲಿ ಕನ್ನಡ ಕಲಿಸುವವಳು. ಬ್ಯಾಡಗಿಯಿಂದ ದಿನವೂ ಬೆಳಗಿನ ಪ್ಯಾಸೆಂಜರು ಗಾಡಿ ಹತ್ತುತ್ತೇನೆ. ಆ ಕಾರ್ಯಕ್ರಮ ಬಂದ ವಾರದಲ್ಲೇ ನಮ್ಮ ಡಬ್ಬಿ ಎರಡು ಪಕ್ಷವಾಯಿತು. ಕಿಟಕಿ ಪಕ್ಕದ ಬ್ಯಾಂಕಿನ ಗುಮಾಸ್ತರು, “ಮನಿಮಂದೆಲ್ಲ ಕುಂತು ನಕ್ಕು ಎಷ್ಟ ದಿನಾ ಆಗಿತ್ರಿ” ಎಂದರೆ, ಎದುರಿನ ಸೀಟಿನ ನರ್ಸಮ್ಮ ಊಟದ ಡಬ್ಬಿಯನ್ನು ಮಡಿಲಲ್ಲಿ ಭದ್ರ ಮಾಡಿಕೊಳ್ಳುತ್ತ, “ಹೆಂಡ್ತಿ ದಪ್ಪ ಅದಾಳ, ಅತ್ತಿ ಬಾಯಿ ಜೋರು ಐತಿ, ಇದನ್ನ ಬಿಟ್ಟು ಬ್ಯಾರೆ ಏನರ ಐತೇನ್ರಿ ಅವರ ಚೀಲದಾಗ?” ಎಂದು ಕೇಳುತ್ತಿದ್ದರು.

ಇಬ್ಬರ ಮಾತಿನಲ್ಲೂ ನ್ಯಾಯವಿತ್ತು, ಮತ್ತು ನಾನು ನ್ಯಾಯವಿದ್ದ ಕಡೆಗೆಲ್ಲ ತಲೆದೂಗುವ ಸ್ವಭಾವದವಳಾದ್ದರಿಂದ ಹಾವೇರಿ ಬರುವಷ್ಟರಲ್ಲಿ ನನ್ನ ಕುತ್ತಿಗೆ ನೋಯುತ್ತಿತ್ತು. ನನ್ನದೇ ಒಂದು ಸಣ್ಣ ತಕರಾರೂ ಇತ್ತು. ಅಲ್ಲಿ ನಿಂತವನು ಬಾಯಿ ತೆರೆದು ನಮ್ಮ ಕಡೆಯ ಮಾತಿನಲ್ಲಿ ‘ಏನಪಾ’ ಅಂದರೆ ಸಾಕು, ನಗೆಯ ಮಾತು ಇನ್ನೂ ಹುಟ್ಟುವ ಮೊದಲೇ ಸಭೆ ಗೊಳ್ಳೆನ್ನುತ್ತಿತ್ತು. ನಾವು ಹುಟ್ಟಿದಾಗಿನಿಂದ ಅತ್ತದ್ದು, ಬೈದದ್ದು, ದೇವರಿಗೆ ಬೇಡಿಕೊಂಡದ್ದು ಎಲ್ಲ ಇದೇ ಮಾತಿನಲ್ಲಿ. ಅದು ಕೇಳಿದ ತಕ್ಷಣ ನಗು ತರಿಸುವ ಭಾಷೆ ಎಂದು ನಮಗೆ ತಿಳಿದೇ ಇರಲಿಲ್ಲ. ಆದರೂ ತಕರಾರು ಮಾಡುತ್ತಲೇ ನಾನು ನಗುತ್ತಿದ್ದೆ. ನಗುವೇನು ನಮ್ಮ ಅಭಿಪ್ರಾಯ ಕೇಳಿ ಬರುತ್ತದೆಯೆ?

ಆ ವಿಷಯದಲ್ಲಿ ನಗುವೂ ಸೀನೂ ಒಂದೇ ಒಕ್ಕಲಿನವು. ತಡೆಯಲು ಹೋದರೆ ಎರಡೂ ಜೋರಾಗುತ್ತವೆ, ಬರಬಾರದ ಕಡೆಯೇ ಎರಡೂ ಬರುತ್ತವೆ. ಸೀನಿನ ಮಾತನ್ನು ನಾನು ಸುಮ್ಮನೆ ತೆಗೆಯಲಿಲ್ಲ. ನೀವು ಸುಗ್ಗಿಯಲ್ಲಿ ಬ್ಯಾಡಗಿಗೆ ಬಂದಿದ್ದರೆ ನಿಮಗೇ ಗೊತ್ತಿರುತ್ತದೆ. ಪೇಟೆಯ ತುಂಬ ಕೆಂಪು ರಾಶಿ, ಅಂಗಳ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಹೆಂಗಸರು, ಗಾಳಿಯಲ್ಲಿ ಘಾಟು. ರೈಲಿನಿಂದ ಇಳಿದವರು ಮೊದಲು ಸೀನುತ್ತಾರೆ, ಆಮೇಲೆ ದಾರಿ ಕೇಳುತ್ತಾರೆ. ಇಂಥ ಊರಿನಲ್ಲೂ ಹಿರಿಯರಿಗೆ ಒಂಟಿ ಸೀನು ಅಪಶಕುನವೇ. ಹೊರಡುವಾಗ ಯಾರಾದರೂ ಒಮ್ಮೆ ಸೀನಿದರೆ ಹೊಸ್ತಿಲು ದಾಟಬಾರದು. ಒಳಗೆ ಬಂದು ಕೂತು, ನೀರು ಕುಡಿದು, ದೋಷ ಕಳೆದುಕೊಂಡು ಹೋಗಬೇಕು. ಬ್ಯಾಡಗಿಯಲ್ಲಿ ಇದನ್ನು ಅಕ್ಷರಶಃ ಪಾಲಿಸಿದರೆ ಸಂಕ್ರಾಂತಿಗೆ ಹೊರಟವರು ಯುಗಾದಿಗೂ ಮನೆ ಬಿಟ್ಟಿರುವುದಿಲ್ಲ. ಅದಕ್ಕೇ ನಮ್ಮ ಅತ್ತೆ ಒಂದು ಕಾಯಿದೆ ಮಾಡಿದ್ದರು: ಸುಗ್ಗಿಯ ಸೀನು ಲೆಕ್ಕಕ್ಕಿಲ್ಲ. ಮಕ್ಕಳು ಸೀನಲಿ, ಸೊಸೆ ಸೀನಲಿ, ಬಂದ ಬೀಗರು ಸೀನಲಿ, ಎಲ್ಲರಿಗೂ ಮಾಫಿ. ಒಬ್ಬರಿಗೆ ಮಾತ್ರ ಈ ವಿನಾಯಿತಿ ಇರಲಿಲ್ಲ. ಮೆಣಸಿನಕಾಯಿಯ ದಲಾಲಿ ಅಂಗಡಿಯಲ್ಲೇ ಜೀವ ಸವೆಸಿದ ನಮ್ಮ ಮಾವ ಹೊಸ್ತಿಲಲ್ಲಿ ಸೀನಿದರೆ ಸುಗ್ಗಿಯಿರಲಿ ಮಳೆಗಾಲವಿರಲಿ ಅವರು ಹಿಂದಿರುಗಿ ಬರಬೇಕು, ಕೂರಬೇಕು, ಅತ್ತೆ ತಂದುಕೊಟ್ಟ ನೀರು ಕುಡಿಯಬೇಕು. ಮಾವನೂ ಮರುಮಾತಿಲ್ಲದೆ ಕೂರುತ್ತಿದ್ದರು. ಶಕುನಕ್ಕೆ ಅವರಷ್ಟು ಅಂಜುವ ಮನುಷ್ಯ ಇನ್ನೊಬ್ಬನಿಲ್ಲ ಎಂದು ಮನೆಯವರೆಲ್ಲ ನಂಬಿದ್ದೆವು. ಅವರು ತೀರಿಕೊಂಡ ಎರಡು ವರ್ಷಕ್ಕೆ ಈ ಕಾರ್ಯಕ್ರಮ ಬಂದದ್ದು.

ನನ್ನ ಮೈದುನ ವಿರೂಪಾಕ್ಷಿ ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದು ಅಲ್ಲೇ ರೂಮು ಮಾಡಿಕೊಂಡಿದ್ದ. ಹತ್ತಿಬೀಜ ಕೇಳಲು ಬಂದವನಿಗೆ ಜೋಳದ ಬೀಜವನ್ನೂ ಕೊಡಿಸಿ, ನಗಿಸಿ ಕಳಿಸುವ ಬಾಯಿ ಅವನದು. ಬಳಗದ ಮದುವೆಗಳಲ್ಲಿ ಮೈಕು ಅವನ ಕೈಗೆ ಸಿಕ್ಕಿತೆಂದರೆ ಊಟದ ಪಂಗತಿ ತಡವಾಗುತ್ತಿತ್ತು. ಅವನು ಯಾರಿಗೂ ಹೇಳದೆ ಹುಬ್ಬಳ್ಳಿಯಲ್ಲಿ ನಡೆದ ಆಯ್ಕೆಗೆ ಹೋಗಿ, ಬೆಂಗಳೂರಿನಲ್ಲಿ ಚಿತ್ರೀಕರಣವನ್ನೂ ಮುಗಿಸಿ ಬಂದು, “ವೈನಿ, ಶುಕ್ರವಾರ ಎಂಟಕ್ಕ ಟೀವಿ ಹಚ್ಚರಿ, ಅವ್ವನ್ನ ಮುಂದ ಕುಂದರ್ಸರಿ” ಎಂದು ಫೋನು ಮಾಡಿದ. ಶುಕ್ರವಾರ ನಮ್ಮ ಪಡಸಾಲೆ ತುಂಬಿತ್ತು. ಅತ್ತೆ ಮುಂದಿನ ಮಣೆಯ ಮೇಲೆ, ನಮ್ಮವರು ಕುರ್ಚಿಯಲ್ಲಿ, ಪಕ್ಕದ ಮನೆಯ ಗಿರಿಜಕ್ಕ ತನ್ನ ಪರಿವಾರ ಸಮೇತ ಬಾಗಿಲ ಬಳಿ.

ನೀಲಿ ಕೋಟು ಹಾಕಿಕೊಂಡು ವಿರೂಪಾಕ್ಷಿ ಬಂದ. ಕೈಮುಗಿದ. ಶುರು ಮಾಡಿದ.

“ನಮ್ಮೂರು ಬ್ಯಾಡಗಿರಿ. ಅಲ್ಲಿ ಸೀನಿಗೆ ಹೆದರೋದಂದ್ರ ಹೊಳಿ ದಂಡ್ಯಾಗ ಮನಿ ಕಟ್ಟಿ ನೀರಿಗೆ ಹೆದರಿದಂಗ. ನಮ್ಮಪ್ಪ ಹೆದರತಿದ್ದ. ಮಂದಿ ಸೀನಿಗೆ ಅಲ್ರಿ, ತನ್ನ ಸೀನಿಗೆ ತಾನಽ. ಹೊಸ್ತಲಾ ದಾಟಬೇಕು, ಒಂದು ಸೀನು. ಒಳಗ ಬರಬೇಕು, ಕುಂದ್ರಬೇಕು, ನೀರು ಕುಡೀಬೇಕು. ಮತ್ತ ಹೊಂಡಬೇಕು, ಮತ್ತೊಂದು ಸೀನು. ನಮ್ಮಪ್ಪ ಜೀವಮಾನದಾಗ ಊರಾಗ ನಡದದ್ದಕ್ಕಿಂತ ಹೊಸ್ತಲದಾಗ ತಿರುಗಿದ್ದಽ ಹೆಚ್ಚು.”

ಆಮೇಲೆ ನಮ್ಮವರಿಗೆ ಹೆಣ್ಣು ನೋಡಲು ಹಾವೇರಿಗೆ ಹೊರಟ ದಿನದ ಕಥೆ. ಆ ಹೆಣ್ಣು ನಾನೇ. ಮಾವ ಸೀನಿ ಸೀನಿ, ಕೂತು ಕೂತು, ಗಾಡಿ ತಪ್ಪಿಸಿಕೊಂಡು ಮಧ್ಯಾಹ್ನ ಇಳಿಹೊತ್ತಿಗೆ ಬಂದಿದ್ದರು. ಅಷ್ಟರಲ್ಲಿ ಅವರಿಗೆಂದು ಮಾಡಿದ ಉಪ್ಪಿಟ್ಟನ್ನು ನನ್ನ ತಮ್ಮ ತಿಂದು ಮುಗಿಸಿದ್ದ. ಅದನ್ನು ಹೇಳುತ್ತ ವಿರೂಪಾಕ್ಷಿ ಸೀನಿ ತೋರಿಸಿದ. ನಿಜ ಹೇಳಬೇಕೆಂದರೆ ನನ್ನ ಮೈ ಜುಮ್ಮೆಂದಿತು. ಮೊದಲು ಮುಖ ಮೇಲಕ್ಕೆತ್ತಿ ಬಸ್ಸಿಗೆ ಕೈ ಮಾಡುವವರಂತೆ ಬಲಗೈ ಎತ್ತುವುದು, ‘ಹಾ’ ಎಂದು ನಿಂತುಬಿಡುವುದು, ಬರಲಿಲ್ಲವೇನೋ ಎಂದು ಎದುರಿಗಿದ್ದವರು ಅಂದುಕೊಳ್ಳುವಷ್ಟರಲ್ಲಿ ಕದ ಬಡಿದ ಹಾಗೆ ಬರುವುದು, ಕೊನೆಗೆ ‘ಶಿವಾ’ ಎಂದು ಉಸಿರು ಬಿಡುವುದು. ಮಾವನೇ. ಗಿರಿಜಕ್ಕ ನಗುತ್ತ ಗೋಡೆಗೆ ಒರಗಿದಳು, ನಾನೂ ನಕ್ಕೆ, ನಮ್ಮವರ ಕುರ್ಚಿ ಅಲುಗಿತು. ಎರಡನೆಯ ಸೀನಿಗೆ ಅತ್ತೆ ಎದ್ದರು. ಹೋಗಿ ಮುಸುಕು ಎಳೆದರು. ಮೂರನೆಯ ಸೀನು ‘ಸುಸ್ವಾಗತ’ದ ಹಿಂದಿನಿಂದ ಬಂತು, ಅದರ ಬೆನ್ನಿಗೆ ಬೆಂಗಳೂರಿನ ಸಭೆಯ ನಗು. ಅತ್ತೆ ಟೀವಿಯ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದರು. ನಮ್ಮ ಕೋಣೆಯಲ್ಲಿ ಯಾರೂ ನಗಲಿಲ್ಲ. ಗಿರಿಜಕ್ಕ ಸದ್ದಿಲ್ಲದೆ ಪರಿವಾರವನ್ನು ಎಬ್ಬಿಸಿಕೊಂಡು ಹೋದಳು.

ಮುಂಜಾನೆಯ ಹೊತ್ತಿಗೆ ಮುಸುಕಿನ ಸುದ್ದಿ ಸೀನಿನ ಸುದ್ದಿಗಿಂತ ಮುಂದೆ ಓಡಿತ್ತು. ಸುದ್ದಿಗೆ ನಮ್ಮ ಕಡೆ ಟಿಕೀಟು ಬೇಕಾಗುವುದಿಲ್ಲ. ಪೇಟೆಯಲ್ಲಿ ಕೆಲವರು ನಮ್ಮವರನ್ನು ತಡೆದು, “ನಿಮ್ಮ ತಮ್ಮ ಊರ ಹೆಸರು ತಂದಾನ” ಎಂದು ಚಹಾ ಕುಡಿಸಿದರು. ಮಾವನ ಜೊತೆ ದುಡಿದ ಹಿರಿಯರಿಬ್ಬರು ಅವರ ಎದುರಿಗೇ ಮುಖ ತಿರುಗಿಸಿ ಹೋದರು. ಹಾವೇರಿಯ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು, ಮೂಢನಂಬಿಕೆಗೆ ಸರಿಯಾದ ಪೆಟ್ಟು ಕೊಟ್ಟಿದ್ದಾನೆ ಎಂದು ನನ್ನ ಕೈ ಕುಲುಕಿದರು. ರೈಲಿನ ನರ್ಸಮ್ಮ, “ಹೆಂಡ್ತಿ ಹೋಗಿ ಈಗ ಸತ್ತ ಅಪ್ಪನ ಪಾಳಿ ಬಂತೇನ್ರಿ” ಎಂದು ಕಿಟಕಿಯಾಚೆ ನೋಡಿದರು. ಎಲ್ಲಕ್ಕಿಂತ ಗಟ್ಟಿಯಾಗಿ ಬಂದವರು ಕರ್ಜಗಿಯಿಂದ ದೊಡ್ಡ ಮಾವ, ಎಂದರೆ ನಮ್ಮ ಮಾವನ ಅಣ್ಣ. ಹೊಲದ ಕೆಲಸ ಬಿಟ್ಟು ಬಸ್ಸು ಹತ್ತಿ ಬಂದಿದ್ದರು.

“ನನ್ನ ತಮ್ಮ ಪುಕ್ಕಲ ಇದ್ದನೇನು?” ಅಂದರು, ಪೇಟಾ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು. “ಸತ್ತಾಂವನ ಸೀನು ಮಾರಿ ಚಪ್ಪಾಳಿ ತಗೊಂಡು ಬಂದಾನ ನಿನ್ನ ಮಗ. ಇನ್ನೊಮ್ಮೆ ಅಲ್ಲಿ ನಿಂತನಂದ್ರ ನಾ ಈ ಮನಿ ಹೊಸ್ತಲಾ ತುಳಿಯಂಗಿಲ್ಲ.”

ಅತ್ತೆ ತಲೆಯ ಮೇಲೆ ಸೆರಗೆಳೆದುಕೊಂಡು ಅಡಿಗೆಮನೆಯ ಬಾಗಿಲಲ್ಲಿ ಕೂತಿದ್ದರು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ದೊಡ್ಡ ಮಾವ ರೊಟ್ಟಿ ತಿಂದು, ಮೌನವನ್ನು ಒಪ್ಪಿಗೆಯೆಂದು ತಿಳಿದುಕೊಂಡು ಹೋದರು.

ಇನ್ನೊಮ್ಮೆ ನಿಲ್ಲುವ ಮಾತು ಆಗಲೇ ಬಂದಿತ್ತು. ಎರಡನೆಯ ಸುತ್ತಿಗೆ ಬಾ ಎಂದು ಚಾನೆಲ್ಲಿನವರು ವಿರೂಪಾಕ್ಷಿಯನ್ನು ಕರೆದಿದ್ದರು. ಅವನು ಅಂಗಡಿಯಿಂದ ಫೋನು ಮಾಡಿದಾಗ ದನಿ ಎಂದಿನಂತಿರಲಿಲ್ಲ. “ವೈನಿ, ಅವ್ವ ಮುಸುಕು ಎಳದ್ಲಂತ ಹೌದಾ? ಹಲಗೇರಿಯಾಂವ ಒಬ್ಬ ಬೀಜಾ ಒಯ್ಯಾಕ ಬಂದು ಹೇಳಿದ.” ನಾನು ಹೌದೆಂದೆ. “ನಾ ಅಪ್ಪನ್ನ ಆಡಿಕೊಳ್ಳಾಕ ಹೇಳಿಲ್ರಿ. ಅಪ್ಪನ ನೆನಪು ಬಂದ್ರ ನನಗ ಅದಽ ಬರ್ತೈತಿ. ಅವ್ವ ಹೂಂ ಅಂದ್ರ ಹೋಗ್ತೀನಿ. ಇಲ್ಲಂದ್ರ ಬಿಟ್ಟಬಿಡ್ತೀನಿ, ಮದುವ್ಯಾಗ ಸೈತ ಮೈಕು ಹಿಡಿಯಂಗಿಲ್ಲ.” ಪ್ರತಿ ಭಾನುವಾರ ಬ್ಯಾಡಗಿಗೆ ಬರುವವನು ಆ ಭಾನುವಾರ ಬರಲಿಲ್ಲ. ನಗಿಸುವವನು ನಗಿಸುವುದನ್ನು ಬಿಟ್ಟರೆ ಅವನ ಹತ್ತಿರ ಉಳಿಯುವುದಾದರೂ ಏನು?

ಆ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಮ್ಮವರು ಮಲಗಿದ್ದರು. ಅತ್ತೆ ಕೈ ಒರೆಸಿಕೊಳ್ಳುತ್ತ ಬಂದು, “ಸರೋಜಾ, ಅದನ್ನ ಇವತ್ತ ಮತ್ತ ಹಾಕತಾರಂತಲ್ಲ, ಗಿರಿಜಾ ಅಂತಿದ್ಲು. ಟೀವಿ ಹಚ್ಚು” ಎಂದರು. ಹಚ್ಚಿದೆ. ನೀಲಿ ಕೋಟಿನ ವಿರೂಪಾಕ್ಷಿ ಬಂದು ಕೈಮುಗಿಯುತ್ತಿದ್ದಂತೆಯೇ ಅವರು ಎದ್ದುಹೋಗಿ ಮುಸುಕು ಎಳೆದು, ಮಣೆಯನ್ನು ಟೀವಿಯ ಹತ್ತಿರಕ್ಕೆ ಜರುಗಿಸಿಕೊಂಡು ಕೂತರು.

“ಆಫ್ ಮಾಡ್ಲೇನ್ರಿ ಅತ್ತಿ?” ಅಂದೆ.

“ಬ್ಯಾಡ. ಆವಾಜ್ ಜರಾ ಜಾಸ್ತಿ ಮಾಡು.”

ಮಾಡಿದೆ. ಹೊಳೆದಂಡೆಯ ಮಾತು ಬಂತು, ಹೊಸ್ತಿಲ ಮಾತು ಬಂತು, ಉಪ್ಪಿಟ್ಟು ಬಂತು. ಅತ್ತೆ ಕಣ್ಣು ಮುಚ್ಚಿದ್ದರು. ಆ ಕಾಗೆಯಂಥ ಗಿಳಿಯ ಹಿಂದಿನಿಂದ ‘ಹಾ’ ಎಂದು ಉಸಿರು ಮೇಲಕ್ಕೆ ಹೋಯಿತು, ನಿಂತಿತು, ಕದ ಬಡಿದ ಹಾಗೆ ಸೀನು ಬಂತು, ‘ಶಿವಾ’ ಎಂದಿತು. ಅತ್ತೆಯ ತುಟಿಯೂ ಜೊತೆಗೆ ‘ಶಿವಾ’ ಎಂದಿತು. ನಾನು ಕೈಯಲ್ಲಿ ರಿಮೋಟು ಹಿಡಿದುಕೊಂಡು ಗೋಡೆಗೆ ಆತು ನಿಂತುಬಿಟ್ಟೆ.

ಮುಗಿದ ಮೇಲೆ, ಮಗನ ಮುಖ ಮುಚ್ಚಿದ್ದ ಮುಸುಕಿನ ಮೇಲೆ ಕೈಯಿಟ್ಟು ಅವರೇ ಮಾತಾಡಿದರು. “ಮಾರಿ ವಿರೂಪಾಕ್ಷಿದು, ಸೀನು ಅವರದು. ಮಾರಿ ಕಾಣಾಕತ್ತಿತಂದ್ರ ಅವ್ರು ಬರಂಗಿಲ್ಲ. ಅದಕ್ಕ ಮುಚ್ಚಿದೆ.”

ನಾನು ಅವರ ಪಕ್ಕ ನೆಲದ ಮೇಲೆ ಕೂತೆ.

“ಎಲ್ಲಾರೂ ಹೆದರತಿದ್ದ, ಹೆದರತಿದ್ದ ಅಂತಾರ” ಎಂದರು ಅತ್ತೆ. “ಅವ್ರು ಯಾತಕ್ಕೂ ಹೆದರತಿದ್ದಿಲ್ಲವಾ. ನಾ ಮದುವಿ ಆಗಿ ಬಂದಾಗ ಕರ್ಜಗ್ಯಾಗ ಮನಿ ತುಂಬ ಮಂದಿ. ಅತ್ತಿ, ಮಾವ, ಭಾವಾರು. ಅವರ ಮುಂದ ಗಂಡನ ಕೂಡ ಮಾತಾಡೋದಿರ್ಲಿ, ಮಾರಿ ಎತ್ತಿ ನೋಡೂಹಂಗಿದ್ದಿಲ್ಲ. ಇವ್ರು ನಸುಕಿನ್ಯಾಗ ಬ್ಯಾಡಗಿ ಅಂಗಡಿಗೆ ಹೊಂಟ್ರ ದೀಪಾ ಹಚ್ಚಿದ ಮ್ಯಾಲ ಬರತಿದ್ರು. ಒಂದಿನ ಹೊಂಡೂ ಮುಂದ ಹೊಸ್ತಲದಾಗ ಸೀನಿದ್ರು. ಭಾವಾರಽ ಅಂದ್ರು, ಒಳಗ ಬಾರಪಾ, ಕುಂತು ನೀರು ಕುಡದು ಹೋಗು ಅಂತ. ನೀರು ಕೊಡಾಕ ನಾ ಬರಬೇಕಲ್ಲ. ಬಂದೆ. ಚರಿಗಿ ಕೈಯಾಗ ಕೊಟ್ಟು ನಿಂತೆ. ಅವ್ರು ನೀರು ಸಾವಕಾಶ ಕುಡದ್ರು.” ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. “ಮರುದಿನದಿಂದ ಅವರಿಗೆ ದಿನಾ ಸೀನು ಬರಾಕ ಹತ್ತಿತು.”

ಅಷ್ಟೆ. ಆಮೇಲೆ ಬೇರೆ ಮನೆಯಾಯಿತು, ಬ್ಯಾಡಗಿಗೆ ಬಂದರು, ಮಾತಾಡಲು ಯಾರ ಅಡ್ಡಿಯೂ ಉಳಿಯಲಿಲ್ಲ. ಮಾವ ಮಾತ್ರ ಸೀನುವುದನ್ನು ಬಿಡಲಿಲ್ಲ, ಅತ್ತೆ ನೀರು ಕೊಡುವುದನ್ನು ಬಿಡಲಿಲ್ಲ. ನಾವು ಶಕುನವೆಂದುಕೊಂಡೆವು. ವಿಜ್ಞಾನದ ಮೇಷ್ಟ್ರು ಮೂಢನಂಬಿಕೆಯೆಂದರು, ದೊಡ್ಡ ಮಾವ ತಮ್ಮನ ಮರ್ಯಾದೆ ಕಾಯಲು ಬಸ್ಸು ಹತ್ತಿದರು. ಆ ತಮ್ಮನನ್ನು ದಿನಾ ಒಳಗೆ ಕರೆದು ಕೂರಿಸಿದವರು ತಾವೇ ಎಂಬುದು ಅವರಿಗೆ ಇಂದಿಗೂ ಗೊತ್ತಿಲ್ಲ. ನಕ್ಕವರು ನಕ್ಕದ್ದೂ ಸಿಟ್ಟಾದವರು ಸಿಟ್ಟಾದದ್ದೂ ಇಲ್ಲದ ಒಂದು ಹೆದರಿಕೆಯ ಮೇಲೆ. ಹಾಗೆಂದು ಅವರ ನಗು ಸುಳ್ಳೆನ್ನಲು ನನಗೆ ಮನಸ್ಸು ಬಾರದು. ವಿರೂಪಾಕ್ಷಿ ನಗಿಸಲು ಹೋಗದಿದ್ದರೆ ಆ ಸೀನು ಮಾವನ ಜೊತೆಗೇ ಮಣ್ಣಾಗಿ ಹೋಗುತ್ತಿತ್ತು. ಸತ್ತವರ ಫೋಟೋಕ್ಕೆ ಹಾರ ಹಾಕುತ್ತೇವೆ, ಆದರೆ ಯಾವ ಫೋಟೋ ತಾನೇ ಸೀನುತ್ತದೆ?

“ಹಂಗಾದ್ರ ನನ್ನ ನೋಡಾಕ ಬರೂ ದಿನಾ ಯಾಕ್ರಿ ಅಷ್ಟು ಸೀನಿದ್ರು?” ಎಂದು ಕೇಳಿದೆ.

“ಅವತ್ತಿಂದು ಖರೇನ ಮೆಣಸಿನಕಾಯಿಂದು” ಎಂದರು ಅತ್ತೆ, ಮತ್ತು ನಕ್ಕರು. ಶುಕ್ರವಾರದಿಂದೀಚೆಗೆ ಅವರು ನಕ್ಕದ್ದು ಅದೇ ಮೊದಲು.

“ವಿರೂಪಾಕ್ಷಿ ನಿಮ್ಮ ಮಾತಿಗೆ ಕಾಯಾಕತ್ತಾನ. ಹೋಗು ಅಂತ ಹೇಳ್ಲೇನ್ರಿ?”

“ಹೋಗಂತ ಹೇಳು. ಭಾವಾರಿಗೆ ನಾ ಹೇಳ್ಕೋತೀನಿ. ಆದ್ರ ಈಗ ಹೇಳಿದ್ದನ್ನ ಮಾತ್ರ ಅವಗ ಹೇಳಬ್ಯಾಡ. ಅಲ್ಲಿ ನಿಂತು ಅದನ್ನೂ ಹೇಳಿಬಿಡ್ತಾನ.”

ಬೆಂಗಳೂರಿಗೆ ಹೋಗುವ ದಿನ ವಿರೂಪಾಕ್ಷಿ ರಾಣೆಬೆನ್ನೂರಿನಲ್ಲೇ ಗಾಡಿ ಹತ್ತಬಹುದಿತ್ತು. ಅದು ಬಿಟ್ಟು ಹಿಂದಕ್ಕೆ ಬ್ಯಾಡಗಿಗೆ ಬಂದ. ತಾಯಿಯ ಮುಖ ನೇರವಾಗಿ ನೋಡಲಿಲ್ಲ. ಕೊಟ್ಟ ರೊಟ್ಟಿ ತಿಂದ, ಕಾಲಿಗೆ ಬಿದ್ದ. ಅತ್ತೆ ತಲೆ ಮುಟ್ಟಿದರು. ಹೊರಗೆ ಗಿರಿಜಕ್ಕನ ಅಂಗಳದಲ್ಲಿ ಹೆಂಗಸರು ತೊಟ್ಟು ಮುರಿಯುತ್ತಿದ್ದರು, ಘಾಟು ಬರುತ್ತಿತ್ತು. ಆದರೂ, ನೋಡಿ, ಬೇಕಾದಾಗ ಯಾರಿಗೂ ಸೀನು ಬರುವುದಿಲ್ಲ. ಅವನು ಚೀಲ ಹೆಗಲಿಗೆ ಹಾಕಿಕೊಂಡು ಹೊಸ್ತಿಲಿಗೆ ಒಂದು ಕಾಲಿಟ್ಟ.

“ವಿರೂಪಾಕ್ಷಿ” ಎಂದರು ಅತ್ತೆ ಒಳಗಿನಿಂದ. “ಒಂದ್ ಸಲ ಸೀನಪಾ.”

ಅವನು ತಿರುಗಿ ನೋಡಿದ. ಮುಖ ಸಣ್ಣದಾಗಿತ್ತು. ಅವ್ವ ಹಂಗಿಸುತ್ತಿದ್ದಾಳೆಂದುಕೊಂಡನೋ ಏನೋ, ನನ್ನ ಕಡೆ ನೋಡಿದ. ನಾನು ಸೀನು ಎಂದು ಕಣ್ಣಿನಲ್ಲೇ ಹೇಳಿದೆ. ಅವನು ಚೀಲ ಸರಿಪಡಿಸಿಕೊಂಡು ಮುಖ ಎತ್ತಿದ, ಬಲಗೈ ಎತ್ತಿದ, ನಿಂತ, ಸೀನಿದ. ‘ಶಿವಾ’ ಎಂದ. ಅಷ್ಟರಲ್ಲಿ ಅತ್ತೆ ನೀರಿನ ಚರಿಗೆ ಹಿಡಿದು ಪಡಸಾಲೆಗೆ ಬಂದೇ ಬಿಟ್ಟಿದ್ದರು. ಮೊದಲೇ ತುಂಬಿಟ್ಟುಕೊಂಡಿದ್ದರೆಂದು ಕಾಣುತ್ತದೆ.

“ಒಳಗ ಬಾ. ಕುಂದ್ರು. ನೀರು ಕುಡದು ಹೋಗು.”

ಅವನು ಕೂತ. ಅಪ್ಪ ಕೂರುತ್ತಿದ್ದ ಜಾಗದಲ್ಲೇ ಕೂತು, ಏನೂ ತಿಳಿಯದೆಯೇ ಕಣ್ಣು ತುಂಬಿಕೊಂಡು ನೀರು ಕುಡಿದ. ಅತ್ತೆ ಎದುರಿಗೆ ನಿಂತು ಚರಿಗೆ ಬರಿದಾಗುವವರೆಗೂ ನೋಡಿದರು. “ಸಾವಕಾಶ ಕುಡಿ” ಎಂದರು.

ಎರಡನೆಯ ಸುತ್ತಿನಲ್ಲಿ ವಿರೂಪಾಕ್ಷಿ ಬೀಜದ ಅಂಗಡಿಯ ಗಿರಾಕಿಗಳ ಮಾತಾಡಿದ, ಸೀನಲಿಲ್ಲ. ಅಂಕ ಕಡಿಮೆ ಬಂದು ಹೊರಗುಳಿದ. ರೈಲಿನ ಡಬ್ಬಿಯಲ್ಲಿ ಅದಕ್ಕೂ ಎರಡು ಪಕ್ಷವಾಯಿತು. ನರ್ಸಮ್ಮನೇ ಈ ಸಲ, ಹುಡುಗನಿಗೆ ಅನ್ಯಾಯವಾಯಿತೆಂದು ವಾದ ಮಾಡಿದರು. ದೊಡ್ಡ ಮಾವ ಶಪಥ ಮರೆತವರಂತೆ ಹಬ್ಬಕ್ಕೆ ಬಂದುಹೋದರು. ಆ ಸುತ್ತು ನೋಡುವಾಗ ಅತ್ತೆ ಮುಸುಕನ್ನು ಪೂರ್ತಿ ತೆಗೆದು ಮಡಿಲಲ್ಲಿ ಮಡಚಿಟ್ಟುಕೊಂಡು, ಮಗನ ಮುಖವನ್ನು ಮೊದಲಿನಿಂದ ಕೊನೆಯವರೆಗೂ ನೋಡಿದರು. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟು, “ಇದನ್ನ ಬಾಗಲಿಗೆ ಹಾಕು. ಅದಕ್ಕಂತನಽ ಹೊಲದಿದ್ದಿ ಹೌದಲ್ಲ” ಎಂದರು.

ಈಗ ಅದು ಬಾಗಿಲಲ್ಲಿದೆ. ಇದನ್ನೆಲ್ಲ ನಿಮ್ಮ ಮುಂದೆ ಹೇಳಲು ಅತ್ತೆಯ ಅಪ್ಪಣೆಯಾಗಿದೆ, ಟೀವಿಯಲ್ಲಿ ಮಾತ್ರ ಹೇಳಬಾರದಂತೆ. ನಿನ್ನೆ ಬೆಳಿಗ್ಗೆ ನಮ್ಮವರು ಅಂಗಡಿಗೆ ಹೊರಟವರು ಆ ಎರಡು ಗಿಳಿಗಳ ಕೆಳಗೆ ನಿಂತು ಒಂದು ಸಲ ಸೀನಿದರು. ಸುಗ್ಗಿ ಮುಗಿದು ಬಹಳ ದಿನವಾಗಿದೆ. ನನಗೂ ಗಾಡಿಗೆ ಹೊತ್ತಾಗಿತ್ತು. ಆದರೂ ಒಳಗೆ ಹೋಗಿ ಒಂದು ಚರಿಗೆ ನೀರು ತಂದೆ.